ಲೋಲಕದ ಹಳೆಯ ಕಡ್ಡಿ

ಗಡಿಯಾರ ರಿಪೇರಿಯ ಈಶ್ವರಣ್ಣನವರಿಗೆ ಕೌಜಲಗಿಯ ದಾಕ್ಷಾಯಿಣಿಯ ಶರಣು.

ನನ್ನ ಮಗ ಮಲ್ಲೇಶ ಗೋಕಾಕಕ್ಕೆ ತಂದಿದ್ದ ಗೋಡೆ ಗಡಿಯಾರದ ಲೋಲಕಕ್ಕೆ ನೀವು ಇನ್ವಾರ್ ಕಡ್ಡಿ ಹಾಕಿದಿರಿ. ನಿಕ್ಕಲ್ ಬೆರೆತ ಕಬ್ಬಿಣ, ಬಿಸಿಲಿಗೆ ಹಿಗ್ಗುವುದಿಲ್ಲ ಅಂದಿರಂತೆ. ಖರೆ, ಈ ಬೇಸಿಗೆಯಲ್ಲಿ ಅದು ಒಂದು ನಿಮಿಷವೂ ಹಿಂದೆ ಬಿದ್ದಿಲ್ಲ.

ಹಳೆಯ ಉಕ್ಕಿನ ಕಡ್ಡಿ ಬಿಸಿಲಿಗೆ ಉದ್ದವಾಗಿ ಗಡಿಯಾರ ನಿಧಾನವಾಗುತ್ತಿತ್ತು. ಆಗೆಲ್ಲ ನಮ್ಮ ಮನೆಯವರು ಸ್ಟೂಲ್ ಹತ್ತಿ ಲೋಲಕದ ತಿರುಪು ಸರಿಮಾಡುತ್ತಿದ್ದರು. “ಗಟ್ಟಿ ಹಿಡಿ, ಬಿದ್ದರ ನೀನ ಎತ್ತಬೇಕು ನೋಡು” ಎಂದು ಪ್ರತಿ ಸಲವೂ ನನ್ನನ್ನು ಹೆದರಿಸುತ್ತಿದ್ದರು.

ಅವರು ಲಿಂಗೈಕ್ಯರಾಗಿ ಐದು ತಿಂಗಳಾಯಿತು. ಹಳೆಯ ಕಡ್ಡಿಯನ್ನು ನೀವು ಬಿಸಾಕಿಲ್ಲದಿದ್ದರೆ ಮತ್ತೆ ಅದನ್ನೇ ಹಾಕಿಕೊಡಿ. ಟೈಮ್ ನೋಡಲು ಮಲ್ಲೇಶನ ಮೊಬೈಲ್ ಇದೆ. ಗಡಿಯಾರ ಹಿಂದೆ ಬೀಳಲಿ. ಸ್ಟೂಲ್ ನಾನು ಹತ್ತುತ್ತೇನೆ, ಅವನು ಹಿಡಿದುಕೊಳ್ಳಲಿ.

ನಿಮ್ಮ ತಂಗಿ,
ದಾಕ್ಷಾಯಿಣಿ