ಜಗಲಿಯಲ್ಲಿ ಹೆಪ್ಪುಗಟ್ಟಿದ ಲಸಿಕೆ

ಮಾನ್ಯ ಮೇಯರ್ ಅವರೇ,

ಕಳೆದ ಮಂಗಳವಾರ ನಿಮ್ಮ ಪುರಸಭೆಯ ಚಾಲಕ ರುಸ್ಕೊ ನಮ್ಮೂರಿಗೆ ಬಂದಿದ್ದ ಫ್ಲೂ ಲಸಿಕೆಯನ್ನೆಲ್ಲ ಹಾಳುಮಾಡಿದ. ಫ್ರಿಜ್‌ನಲ್ಲಿ ಇಡಬೇಕಿದ್ದ ಪೆಟ್ಟಿಗೆಯನ್ನು ಊರ ಕಚೇರಿಯ ಉತ್ತರದ ಜಗಲಿಯಲ್ಲಿ, ಚಳಿಗಾಲಕ್ಕೆಂದು ಹಂದಿಮಾಂಸ ತೂಗುಹಾಕಿದ್ದ ಕಡೆ ಇಟ್ಟ. ಹೆಪ್ಪುಗಟ್ಟಬಾರದೆಂದು ಪೆಟ್ಟಿಗೆಯ ಮೇಲೆ ಬರೆದಿರುವುದನ್ನು ನಾನು ಓದಿ ಹೇಳಿದರೆ ನಕ್ಕ.

"ಮಾಂಸವೇ ಇಲ್ಲಿ ಮಾರ್ಚ್‌ವರೆಗೂ ಕೆಡಲ್ಲ, ಸೆವ್ದಕ್ಕ! ನಿಮ್ಮ ಸೂಜಿಮದ್ದು ಅದಕ್ಕಿಂತ ನಾಜೂಕಾ?" ಎಂದು ಜಗಲಿಯ ಬಾಗಿಲಿಗೆ ಬೀಗ ಹಾಕಿಕೊಂಡು ಹೋದ.

ಬೆಳಿಗ್ಗೆ ನರ್ಸ್ ಎಲ್ಕಾ ಪೆಟ್ಟಿಗೆ ತೆರೆದು, "ಕಲ್ಲಾಗಿಬಿಟ್ಟಿದೆ. ಇನ್ನು ಬಿಸಾಡೋದೇ" ಎಂದಳು.

ಸೌದೆಯನ್ನು ಸೂರಿನವರೆಗೆ ಒಟ್ಟಿದ್ದೇನೆ. ಪೀಪಾಯಿಯಲ್ಲಿ ಎಲೆಕೋಸು ಹುಳಿಯಾಗುತ್ತಿದೆ. ಹಿಟ್ಟು, ಕಾಳು, ಜೇನು ಎಲ್ಲವೂ ಇದೆ. ಆದರೆ ನನ್ನ ಗಂಡ ಸ್ಟಾಮೆನ್ ಅವರ ಶ್ವಾಸಕೋಶವನ್ನು ಸೀಸದ ಗಣಿಯ ಧೂಳು ಆಗಲೇ ಅರ್ಧ ತಿಂದಿದೆ. ಅದನ್ನು ಇವು ಯಾವುವೂ ಕಾಯಲಾರವು.

ಹಿಂದೊಮ್ಮೆ ಹಿಮ ಬಿದ್ದು ದಾರಿ ಮುಚ್ಚಿದಾಗ ಇದೇ ಫ್ಲೂ ಜ್ವರಕ್ಕೆ ನಮ್ಮ ಶಾಲೆಯ ಮೇಷ್ಟ್ರು ತೀರಿಕೊಂಡರು. ಬೆಂಕಿ ಹಾಕಿ, ಹೆಪ್ಪುಗಟ್ಟಿದ ನೆಲ ಕರಗಿಸಿ ಅವರಿಗೆ ಗುಂಡಿ ತೋಡಿದೆವು. "ಪರಿಶೀಲಿಸುತ್ತೇವೆ" ಎಂದು ಆಗ ನಮ್ಮ ದೂರಿಗೆ ಪುರಸಭೆ ಬರೆದಿತ್ತು. ನಾನು ಮರೆತಿಲ್ಲ.

ಈ ಸಲ ಕಾಗದ ಕಳಿಸಬೇಡಿ. ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ನಮ್ಮ ಚರ್ಚಿನ ಮುಂದೆ ನಿಂತು, ದಾರಿ ಮುಚ್ಚುವ ಮೊದಲು ಹೊಸ ಲಸಿಕೆ ಬರುತ್ತದೆಯೋ ಇಲ್ಲವೋ ಎಂದು ಎಲ್ಲರೆದುರು ಹೇಳಿ. ಗಟ್ಟಿಯಾಗಿ ಹೇಳಿ. ನಮ್ಮ ಮನೆ ಎದುರಿಗೇ ಇದೆ, ಆದರೆ ಈ ಚಳಿಯಲ್ಲಿ ಸ್ಟಾಮೆನ್ ಮಲಗಿರುವ ಕೋಣೆಯ ಕಿಟಕಿಯನ್ನು ನಾನು ತೆರೆಯಲಾರೆ.

ಉತ್ತರಕ್ಕೆ ಕಾದಿರುವ,
ಸೆವ್ದಾ ಮಿಂಚೆವಾ
ಸ್ರೆಬ್ರೆನ್ ದೊಲ್, ರೊಡೊಪಿ ಬೆಟ್ಟ