ಹೆಸರಿಲ್ಲದ ಓಣಿಯ ಗೆರೆ

ಹ್ಯೂಸ್ಟನ್,
ಆಗಸ್ಟ್ 24, 2025

ಪ್ರೀತಿಯ ತಮ್ಮ ಥರ್ಮನ್,

ಅಕ್ಕನ ಆಶೀರ್ವಾದಗಳು. ನಿನ್ನ ಪತ್ರಕ್ಕೆ ಉತ್ತರ ತಡವಾಯಿತು, ಬೇಸರಿಸಬೇಡ. ಮಂಡಿನೋವು ಬರೀ ನೆಪ. ಕೋಪ ಆರಲಿ ಎಂದು ಕಾದೆ. ಆರಲಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ.

ರಾಜಧಾನಿಯ ನಿಮ್ಮ ಕಚೇರಿಯಲ್ಲಿ ತಯಾರಾದ ಮತಕ್ಷೇತ್ರಗಳ ಹೊಸ ನಕ್ಷೆಯನ್ನು ಪಾಸ್ಟರ್ ಗಿಲ್ಯಾರ್ಡ್ ಚರ್ಚಿನ ಗೋಡೆಗೆ ಅಂಟಿಸಿದ್ದಾರೆ. ಜನಗಣತಿ ಮುಗಿದ ಮೇಲೆ ಹತ್ತು ವರ್ಷಕ್ಕೊಮ್ಮೆ ಬದಲಾಗುವ ಕ್ಷೇತ್ರದ ಗಡಿ ಈ ಸಲ ಐದೇ ವರ್ಷಕ್ಕೆ ಹೊರಳಿ, ನಮ್ಮ ಬೀದಿಯನ್ನು ಸೀಳಿದೆ. ಚರ್ಚಿಗೆ ಬರುವವರಲ್ಲಿ ಅರ್ಧ ಜನ ಇಲ್ಲಿಯ ಕ್ಷೇತ್ರಕ್ಕೆ. ಇನ್ನರ್ಧ ಎಂಬತ್ತು ಮೈಲಿ ಆಚೆಯ ದನದ ಹುಲ್ಲುಗಾವಲುಗಳ ಕ್ಷೇತ್ರಕ್ಕೆ. “ಎಡಬೆಂಚಿಗೊಂದು ಪಾಡು, ಬಲಬೆಂಚಿಗೊಂದು ಪಾಡು, ಹಾಡು ಮಾತ್ರ ಒಂದೇ ನೋಡು,” ಎಂದರು ಪಾಸ್ಟರ್. ನಕ್ಕೆವು, ಅಳುವುದು ಬೇಡವೆಂದು.

ಎಲ್ಲರ ಬೆರಳೂ ಒಂದೇ ಕಡೆ ನಿಂತಿತು. ಗೆರೆ ದೊಡ್ಡ ರಸ್ತೆ ಬಿಟ್ಟು ಚರ್ಚಿನ ಹಿಂದಿನ ಹೆಸರಿಲ್ಲದ ಓಣಿಗೆ ನುಗ್ಗಿದೆ. ಅದರಾಚೆ ಒಂದು ಚುನಾವಣೆಯಲ್ಲೂ ಮತ ತಪ್ಪಿಸದ ನಲವತ್ತು ಮನೆಗಳಿವೆ; ಅವೆಲ್ಲ ಈಗ ನಮ್ಮ ಕ್ಷೇತ್ರದ ಹೊರಗೆ. ಚಿಕ್ಕಂದಿನಲ್ಲಿ ಚರ್ಚಿನ ಭಾನುವಾರದ ಪಾಠ ತಪ್ಪಿಸಿ ಆ ಓಣಿಯಲ್ಲಿ ಓಡಿದವರಿಗಷ್ಟೇ ಇದು ಗೊತ್ತು. ಯಾರೂ ನಿನ್ನ ಹೆಸರೆತ್ತಲಿಲ್ಲ. ಓಲಾ ಮೇ ಅತ್ತೆ ಮಾತ್ರ ಕನ್ನಡಕ ಒರೆಸುತ್ತ, “ನಿನ್ ತಮ್ಮ ದಾರಿ ಮರ್ತಿಲ್ಲ ಬಿಡೇ,” ಅಂದರು.

ಆಮೇಲೆ ಎಲ್ಲರೂ ಬಸ್ಸು ಹತ್ತಿ ನಕ್ಷೆಯ ಬಗ್ಗೆ ಜನರ ಮಾತು ಕೇಳಲು ರಾಜಧಾನಿಯಲ್ಲಿ ನಡೆದ ವಿಚಾರಣೆಗೆ ಬಂದೆವು. ಏಳು ಗಂಟೆ ಕಾದದ್ದಕ್ಕೆ ನನಗೆ ಸಿಕ್ಕಿದ್ದು ಎರಡು ನಿಮಿಷ. ಗಂಟೆ ಬಾರಿಸಿದ ಸಮಿತಿಯ ಅಧ್ಯಕ್ಷರು ಸಮಯ ಮುಗಿಯಿತೆಂದರು. ನಾನು ಮೈಕು ಬಿಡಲಿಲ್ಲ.

“ಹತ್ತು ವರ್ಷದ ಗೆರೆನ ಐದಕ್ಕೇ ಅಳಿಸಿದೋರು ನೀವು. ನನ್ನ ಎರಡು ನಿಮಿಷಾನ ನಾನು ನಾಲ್ಕು ಮಾಡ್ಕೊಂಡ್ರೆ ಸರಿಹೋಗುತ್ತೆ.”

ನಾಲ್ಕೂ ನಿಮಿಷ ಮಾತಾಡಿಯೇ ಇಳಿದೆ.

ಮುಂಗಡ ಮತದಾನದ ಭಾನುವಾರ ಈ ಸಲವೂ ಆರಾಧನೆ ಮುಗಿಸಿ, ಹಾಡುವವರ ನಿಲುವಂಗಿಯಲ್ಲೇ ಮತಗಟ್ಟೆಗೆ ನಡೆಯುತ್ತೇವೆ. ಮತಪತ್ರ ಎರಡು ಬಗೆಯದಾದರೆ ಆಗಲಿ, ಸಾಲು ಒಂದೇ. ನಮ್ಮನ್ನು ಸೋಲಿಸಬಹುದು; ಮನೆಯಲ್ಲಿ ಕೂರಿಸಲಾಗದು.

ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ನಿನ್ನ ಕೈಗೆ ಬೇರೆ ಕೆಲಸ ಕೊಡಲಿ.

ನಿನ್ನ ಅಕ್ಕ,
ವರ್ಲೀನ್

ತಾ.ಕ.: ವಿಚಾರಣೆಯ ದಿನ ನೀನು ಅಧ್ಯಕ್ಷರ ಬೆನ್ನ ಹಿಂದೆಯೇ ಕೂತಿದ್ದೆ. ನಾನು ಅಪ್ಪನ ಹೆಸರನ್ನೂ ಸೇರಿಸಿ ನನ್ನ ಹೆಸರು ಹೇಳಿದಾಗ ಪಕ್ಕದವನು ನಿನ್ನತ್ತ ಬಾಗಿ ಏನೋ ಕೇಳಿದ. ನಿಮ್ಮ ಮನೆಯವರಾ ಎಂದಿರಬೇಕು. ನೀನು ಕಣ್ಣೆತ್ತದೆ ಅಡ್ಡಡ್ಡ ತಲೆಯಾಡಿಸಿದೆ. ಇಲ್ಲಿ ನನ್ನನ್ನೂ ಕೇಳುತ್ತಾರೆ, ಥರ್ಮನ್. ಹೌದು, ನನ್ನ ತಮ್ಮನೇ ಅನ್ನುತ್ತೇನೆ.