ಉಸಿರಿಗೆ ಕಾಯದ ಪೆಟ್ಟಿಗೆ

ಹೊಳೆನರಸೀಪುರ
೯-೧೦-೨೦೦೧, ಮಂಗಳವಾರ

ಪ್ರೀತಿಯ ಬಸವರಾಜಣ್ಣನಿಗೆ ನೀಲಳ ನಮಸ್ಕಾರ.

ಕೈ ಹೇಗಿದೆ ಅಣ್ಣಾ? ಅರಕಲಗೂಡಿನಿಂದ ಬಂದ ಗುಂಡಯ್ಯ ಹೇಳಿದ, ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನಿನಲ್ಲಿ ಎಲೆ ಕಟ್ಟಿ ಕಟ್ಟಿ ನಿನ್ನ ಬೆರಳೆಲ್ಲ ಅಂಟು ಮೆತ್ತಿ ಕಪ್ಪಾಗಿದೆಯಂತೆ. ಹುಣಸೆಹಣ್ಣು ಹಚ್ಚಿ ತಿಕ್ಕು, ಸೀಮೆಎಣ್ಣೆ ಮುಟ್ಟಿಸಬೇಡ, ಚರ್ಮ ಬಿರಿಯುತ್ತದೆ. ಢೋಲಕ್ ನುಡಿಸುವ ಕೈ ಅದು. ನನ್ನ ಉಬ್ಬಸ ಇದ್ದ ಹಾಗೇ ಇದೆ.

ಕೊಟ್ಟ ಮಾತುಗಳನ್ನು ಮೊದಲು ಬರೆದುಬಿಡುತ್ತೇನೆ, ಮರೆತಂತೆ ನಟಿಸುವವರು ಜಾಸ್ತಿಯಾಗಿದ್ದಾರೆ. ಕಲ್ಯಾಣ ಮಂಟಪದವರು, ಗಣಪತಿ ಸಮಿತಿಯವರು ನಮ್ಮ ಕಲಾವಿದರ ಸಂಘದ ಮುಂದೆ ಒಪ್ಪಿದ್ದು ಇಷ್ಟು: ಕರೆಸಿದರೆ ಇಡೀ ತಂಡವನ್ನೇ ಕರೆಸುತ್ತೇವೆ. ಹೆಂಗಸರು ಬಟ್ಟೆ ಬದಲಿಸಲು ಬಾಗಿಲಿರುವ ಕೋಣೆ ಕೊಡುತ್ತೇವೆ. ನೆಂಟರ ಪಂಕ್ತಿಯಲ್ಲೇ ಊಟಕ್ಕೆ ಕೂರಿಸುತ್ತೇವೆ. ಆದದ್ದು: ಊಟ ಕೊನೆಯ ಪಂಕ್ತಿಯಲ್ಲಿ, ಕೋಣೆ ಇಲ್ಲ, ಈಗ ತಂಡವೂ ಬೇಡ. ಈ ಸಲ ಗಣಪತಿಗೆ ನಾಲ್ಕು ಕಡೆಯೂ ಒಂದೇ ಮಾತು: 'ಅಷ್ಟೊಂದ್ ಜನ ಯಾಕವ್ವಾ? ಹಾಸನದಲ್ಲಿ ಒಬ್ನೇ ಕೀಬೋರ್ಡ್ ಮಡಿಕ್ಕಂಡು ಇಡೀ ಆರ್ಕೆಸ್ಟ್ರಾ ಮಾಡ್ತಾನೆ ಕಣವ್ವಾ. ನೀನೂ ಒಬ್ಳೇ ಬಾ.' ಚನ್ನರಾಯಪಟ್ಟಣದ ರಾಜ್ಯೋತ್ಸವದವರೂ ಅದನ್ನೇ ಹೇಳಿದ್ದಾರೆ. ಹದಿನೈದನೇ ತಾರೀಕಿಗೆ ಉತ್ತರ ಕೊಡಬೇಕು. ಕೈಯಲ್ಲಿರುವುದು ಅದೊಂದೇ ಕಾರ್ಯಕ್ರಮ.

ಬಯ್ಯಬೇಡ, ಮೊನ್ನೆ ಶನಿವಾರ ಹಾಸನದ ವಾದ್ಯದಂಗಡಿಗೆ ಹೋಗಿದ್ದೆ. ಅಂಗಡಿಯ ವಿಶ್ವಾಸ್ ಮೂರು ಕೀಬೋರ್ಡ್ ತೆಗೆದಿಟ್ಟ. ಮೊದಲನೆಯದು ಹಗುರ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋಗಬಹುದು, ಆದರೆ ಅದರ ತಬಲ ಡಬ್ಬಕ್ಕೆ ಚಮಚ ಬಡಿದ ಹಾಗೆ. ಎರಡನೆಯದು ಪರವಾಗಿಲ್ಲ. ಹಾರ್ಮೋನಿಯಂನಲ್ಲಿ ಗಾಳಿ ತಳ್ಳುತ್ತಿದ್ದ ಎಡಗೈಯಿಂದ ಮೂರು ಕೀ ಅದುಮಿ ಹಿಡಿದರೆ ಸಾಕು, ಗಿಟಾರ್, ವಯೊಲಿನ್, ಢೋಲಕ್ ಎಲ್ಲ ತಾವಾಗಿಯೇ ಹಿಂದೆ ಬರುತ್ತವೆ. ನೀವು ನಾಲ್ಕು ಜನ ಮಾಡುತ್ತಿದ್ದ ಕೆಲಸ ನನ್ನ ಮೂರು ಬೆರಳಿನಡಿ ಕೂತಿತ್ತು. ಚೆನ್ನಾಗಿಯೇ ಕೇಳಿಸಿತು ಅಣ್ಣಾ, ಸುಳ್ಳು ಯಾಕೆ ಬರೆಯಲಿ.

ಹಾಡಿದೆ. ಎರಡನೇ ಚರಣಕ್ಕೆ ಉಸಿರು ಕೈಕೊಟ್ಟಿತು, ಎಲ್ಲಿ ಅಂತ ನಿನಗೆ ಗೊತ್ತು. ಹನ್ನೊಂದು ವರ್ಷ ನನ್ನ ಭುಜ ಮೇಲೇಳುವುದನ್ನು ನೋಡಿಕೊಂಡೇ ನುಡಿಸಿದವನು ನೀನು. ಅಲ್ಲಿ ನೀನು ತಾಳ ಹಿಡಿದು ನಿಲ್ಲಿಸಿ ಢೋಲಕ್ಕಿನಲ್ಲಿ ಒಂದು ಉರುಳಿಕೆ ಹಾಕುತ್ತಿದ್ದೆ, ನಾನು ಉಸಿರೆಳೆದು ಬರುವವರೆಗೂ ಬಿಡುತ್ತಿರಲಿಲ್ಲ. ಜನ ನಿನ್ನ ಕೈಚಳಕ ಅಂತ ಚಪ್ಪಾಳೆ ತಟ್ಟುತ್ತಿದ್ದರು. ಈ ಕೀಬೋರ್ಡ್ ಪೆಟ್ಟಿಗೆ ನನ್ನನ್ನು ಅಲ್ಲೇ ಬಿಟ್ಟು ಮುಂದೆ ಹೋಯಿತು. 'ಇವುಗಳಲ್ಲಿ ಕಾಯೋದು ಯಾವುದಪ್ಪಾ?' ಅಂದೆ. 'ಕಾಯೋದಾ? ನಿಲ್ಲುಸ್ಬೋದು ಅಕ್ಕ, ನಿಧಾನ ಮಾಡ್ಬೋದು. ಕಾಯೋದು ಯಾವುದ್ರಲ್ಲೂ ಇಲ್ಲ' ಅಂದ. ಪಾಪ, ಮೂರನೆಯದನ್ನು ತೋರಿಸಿದ. ಅದಕ್ಕೆ ಕಾಲಿನ ಪೆಡಲು ಹಾಕಬಹುದು. ತುಳಿದರೆ ಒಂದು ಉರುಳಿಕೆ ಬರುತ್ತದೆ, ಸರಿಯಾಗಿ ಒಂದೇ ಸುತ್ತು. ಅಷ್ಟರೊಳಗೆ ನನ್ನ ಉಸಿರು ವಾಪಸ್ ಬಂದಿರಬೇಕು. ಏಳು ಸಲ ತುಳಿದೆ. ನಾಲ್ಕು ಸಲ ಬಂತು, ಮೂರು ಸಲ ಬರಲಿಲ್ಲ. 'ಅಕ್ಕ, ಹಾಡು ನಿಂದಾ, ಪೆಟ್ಟಿಗೇದಾ?' ಅಂತ ನಕ್ಕ. ನಾನೂ ನಕ್ಕೆ. ಅದನ್ನೇ ಎತ್ತಿಡು ಅಂತ ಹೇಳಿ ಬಂದಿದ್ದೇನೆ.

'ಸಂಘದ ಸದಸ್ಯರು ಯಾರೂ ಯಂತ್ರ ಇಟ್ಟುಕೊಂಡು ಒಬ್ಬರೇ ಕಾರ್ಯಕ್ರಮ ಕೊಡತಕ್ಕದ್ದಲ್ಲ.' ಮೂರು ವರ್ಷದ ಹಿಂದೆ ಈ ನಿರ್ಣಯ ಬರೆದ ಕಾರ್ಯದರ್ಶಿ ನಾನೇ. ಗಿಟಾರ್ ಕೆಂಪಣ್ಣ ಮೊದಲು ಸಹಿ ಹಾಕಿದ, ಕೆಳಗೆ ನೀನು. ಕೆಂಪಣ್ಣ ಈಗ ಲಗೇಜ್ ಆಟೋ ಓಡಿಸುತ್ತಾನೆ. ಮಂಟಪಗಳ ಎದುರು ಬಿಸಿಲಲ್ಲಿ ನಿಂತು ಧಿಕ್ಕಾರ ಕೂಗಿದ್ದೂ ಇದೇ ಉಬ್ಬಸದ ಗಂಟಲು. ಈಗ ಯಾರಿಗೆ ಕೂಗಲಿ? ಎದುರಿಗೆ ಇರುವುದು ಮೂರು ಬೆರಳು, ಅವೂ ನನ್ನವೇ.

ಅತ್ತಿಗೆಗೆ ನಮಸ್ಕಾರ. ನಿಧಿಗೆ ಅತ್ತೆಯ ಮುತ್ತು. ಎಲ್ಲರೂ ಚೆನ್ನಾಗಿರಿ.

ನಿನ್ನ ತಂಗಿ
ನೀಲಾಂಬಿಕೆ

ಗುಂಡಯ್ಯ ಬಸ್ಸಿಗೆ ಹೊತ್ತಾಯಿತು ಅಂತ ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಆ ನಿರ್ಣಯ ಕೈಬಿಡಬೇಕು ಅಂತ ಸಂಘಕ್ಕೆ ನಾನೇ ಅರ್ಜಿ ಕೊಟ್ಟಿದ್ದೇನೆ. ಕೆಂಪಣ್ಣ ಆಗಲೇ 'ಓಗ್ಲಿ ಬಿಡವ್ವ, ನೀನಾದ್ರೂ ಬದುಕ್ಕೋ' ಅಂದುಬಿಟ್ಟ. ಉಳಿದವರೂ ಹಾಗೇ ಅನ್ನುತ್ತಾರೆ, ಅದನ್ನು ಕೇಳಿಸಿಕೊಳ್ಳಲು ನನ್ನಿಂದಾಗದು. ಸಂಘದ ಸಭೆಗೆ ನೀನು ಬಾರದಿದ್ದರೆ ಸೋಮವಾರ ಹಾಸನಕ್ಕೆ ಹೋಗಿ ಪೆಟ್ಟಿಗೆ ತರುತ್ತೇನೆ. ಬಂದರೆ ನನ್ನ ಪರ ಮಾತಾಡಬೇಡ. ನನ್ನ ಅರ್ಜಿ ಬೇಡ ಅಂತ ಆ ಕಪ್ಪು ಕೈಯನ್ನೇ ಎತ್ತು, ನೀನೊಬ್ಬ ಎತ್ತಿದರೂ ಪೆಟ್ಟಿಗೆ ತರದೆ ನಿಲ್ಲುತ್ತೇನೆ. ಚನ್ನರಾಯಪಟ್ಟಣ, ಕೆಂಪಣ್ಣನ ಮನೆ ಜಗಲಿ, ಇದೇ ಭಾನುವಾರ ಹದಿನಾಲ್ಕನೇ ತಾರೀಕು, ಬೆಳಿಗ್ಗೆ ಹನ್ನೊಂದು ಗಂಟೆ.